ಈ ಡ್ರಮ್ಮಿನಲ್ಲಿ ಮೊದಲು ಏನಿತ್ತು?

ಪಶುಸಂಗೋಪನೆ ಇಲಾಖೆ, ಕೃಷಿ ಇಲಾಖೆ ಮತ್ತು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯವರಿಗೆ ನಮಸ್ಕಾರ.

ಮೂರು ಕಡೆಗೂ ಒಂದೇ ಪತ್ರ ಬರೆಯುತ್ತಿದ್ದೇನೆ. ಬೇರೆ ಬೇರೆ ಬರೆದರೆ "ಇದು ನಮ್ಮದಲ್ಲ, ಅವರದು" ಅಂತ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುವುದು ಸುಲಭ, ಅಲ್ವಾ? ವಿಷಯ ಕೇಳಿದರೆ ಸಣ್ಣದು ಅನಿಸುತ್ತದೆ. ಹಿತ್ತಲಲ್ಲಿ ಕೋಳಿ, ಮೇಕೆ, ಹಸುವಿಗೆ ನಾವು ನೀರು ಇಡುವ ಪಾತ್ರೆಯ ಮಾತು ಇದು.

ನಮ್ಮದು ಎರಡು ಹಸು, ನಾಲ್ಕು ಮೇಕೆ, ಒಂದಷ್ಟು ಕೋಳಿ ಇರುವ ಮನೆ. ಫಾರಂ ಅಂತ ಹೇಳಿಕೊಳ್ಳುವಷ್ಟು ಇಲ್ಲ. ಹಾಲು ಡೇರಿಗೆ ಹೋಗುತ್ತದೆ, ಮೊಟ್ಟೆ ಮನೆಗೆ ಆಗುತ್ತದೆ, ಹಬ್ಬಕ್ಕೋ ಆಸ್ಪತ್ರೆ ಖರ್ಚಿಗೋ ಒಂದು ಮೇಕೆ ಮಾರುತ್ತೇವೆ. ಹೋದ ಬೇಸಿಗೆಯಲ್ಲಿ ಒಂದೇ ಮಧ್ಯಾಹ್ನ ನಮ್ಮ ಏಳು ಕೋಳಿ ಸತ್ತವು. ಕಾರಣ ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಪಕ್ಕದ ಟೊಮೆಟೊ ಹೊಲದ ಬದುವಿನಲ್ಲಿ ಐದು ಲೀಟರಿನ ಬಿಳಿ ಕ್ಯಾನ್ ಒಂದು ಬಿದ್ದಿತ್ತು. ಗಟ್ಟಿ ಪ್ಲಾಸ್ಟಿಕ್ಕು. ಚೀಟಿ ಕಿತ್ತುಹೋಗಿತ್ತು, ಅಂಟು ಮಾತ್ರ ಉಳಿದಿತ್ತು. ಹೊಲದ ಕ್ಯಾನು ಅಂದಮೇಲೆ ಔಷಧಿದೇ ಇರಬೇಕು ಅಂತ ಗೊತ್ತಿತ್ತು. ನಮ್ಮ ಕಡೆ ಅದನ್ನು ಔಷಧಿ ಅಂತಲೇ ಕರೆಯುವುದು. ವಿಷ ಅಂತ ಯಾರೂ ಅನ್ನುವುದಿಲ್ಲ. ಮನೆಗೆ ತಂದೆ. ಬೂದಿ ಹಾಕಿ ಉಜ್ಜಿದೆ, ಸೋಪಿನ ಪುಡಿ ಹಾಕಿ ಕುಲುಕಿದೆ, ಐದು ಸಲ ತೊಳೆದೆ, ಎರಡು ದಿನ ಬಿಸಿಲಿಗೆ ಕವುಚಿ ಹಾಕಿದೆ. ಮೂಸಿ ನೋಡಿದರೆ ವಾಸನೆ ಇರಲಿಲ್ಲ. ಕ್ಯಾನ್ ಮಲಗಿಸಿ, ಮೇಲಿನ ಮಗ್ಗುಲನ್ನು ಕುಡುಗೋಲಿನಿಂದ ಕೊಯ್ದೆ. ಎತ್ತಿ ಇಡಲು ಅನುಕೂಲ ಅಂತ ಹಿಡಿಯನ್ನು ಹಾಗೇ ಬಿಟ್ಟೆ. ಕೋಳಿಗೆ ಚೆಂದದ ನೀರಿನ ತಟ್ಟೆ ಆಯಿತು.

ಎರಡು ವಾರ ಏನೂ ಆಗಲಿಲ್ಲ. ಆಮೇಲೆ ಒಂದು ದಿನ ಬಿಸಿಲು ಜಾಸ್ತಿ ಇದೆ ಅಂತ ಅಂಚಿನವರೆಗೂ ನೀರು ತುಂಬಿಸಿದೆ. ಮಧ್ಯಾಹ್ನ ಊಟ ಮುಗಿಸಿ ಹೊರಗೆ ಬಂದರೆ ದಾಸವಾಳದ ಗಿಡದ ಬುಡದಲ್ಲಿ ಕೋಳಿಗಳು ರೆಕ್ಕೆ ಹರಡಿಕೊಂಡು ಬಿದ್ದಿದ್ದವು. ಕೊಕ್ಕಿನಿಂದ ಅಂಟಂಟು ಜೊಲ್ಲು. ಒಂದು ಹೇಂಟೆ ಕತ್ತು ಎತ್ತಲು ನೋಡುತ್ತಿತ್ತು, ಆಗುತ್ತಿರಲಿಲ್ಲ. ಅದೇ ನೀರಿಗೆ ಬಾಯಿ ಹಾಕಿದ್ದ ಒಂದು ಮೇಕೆ ಬಾಯಲ್ಲಿ ನೊರೆ ಸುರಿಸುತ್ತಾ ನಿಂತಿತ್ತು. ಹಿಂಗಾಲು ನಡುಗುತ್ತಿದ್ದವು, ಕಣ್ಣಲ್ಲಿ ನೀರು.

ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಫೋನ್ ಮಾಡಿದೆವು. ಡಾಕ್ಟರು ಬಂದು ಮೇಕೆಯ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು. ಪಾಪೆ ಸೂಜಿಮೊನೆಯಷ್ಟಕ್ಕೆ ಕುಗ್ಗಿತ್ತು. ಅಟ್ರೋಪಿನ್ ಇಂಜೆಕ್ಷನ್ ಕೊಟ್ಟರು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಸಂಜೆ ಹೊತ್ತಿಗೆ ಜೊಲ್ಲು ನಿಂತಿತು. ಮೇಕೆ ಉಳಿಯಿತು. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ನೀರು ಯಾವುದರಲ್ಲಿ ಇಡ್ತೀರಿ?"

ಕ್ಯಾನ್ ತೋರಿಸಿದೆ. ತಿರುಗಿಸಿ ನೋಡಿದರು. ಕುಡುಗೋಲು ಕೇಳಿ ತೆಗೆದುಕೊಂಡು ಹಿಡಿಯನ್ನು ಕೊಯ್ದರು. ಆ ಹಿಡಿ ಒಳಗೆ ಟೊಳ್ಳು! ಅದರ ಮೂಲೆಯಲ್ಲಿ ಕಾಫಿ ಡಿಕಾಕ್ಷನ್ ಬಣ್ಣದ ಮಂದನೆಯ ದ್ರವ ಇನ್ನೂ ಕೂತಿತ್ತು. ಬೆಳ್ಳುಳ್ಳಿಗೆ ಪೆಟ್ರೋಲು ಸೇರಿಸಿದ ಹಾಗೆ ಗಬ್ಬು ವಾಸನೆ. ಐದು ಸಲ ತೊಳೆದಿದ್ದೆನಲ್ಲ, ಒಂದು ಸಲವೂ ಆ ಸಂದಿಗೆ ಸರಿಯಾಗಿ ನೀರು ಹೋಗಿರಲಿಲ್ಲ. ಅವತ್ತು ಅಂಚಿನವರೆಗೂ ತುಂಬಿಸಿದ್ದಕ್ಕೆ ಹಿಡಿಯೂ ಮುಳುಗಿ, ಒಳಗಿದ್ದದ್ದು ನೀರಿಗೆ ಬೆರೆತಿತ್ತು.

ಇದೇ ವಿಷ ಅಂತ ಪ್ರಯೋಗಾಲಯದ ಚೀಟಿ ನನ್ನ ಹತ್ತಿರ ಇಲ್ಲ. ಸತ್ತ ಕೋಳಿಯನ್ನು ಪರೀಕ್ಷೆಗೆ ಕಳಿಸಬೇಕು ಅನ್ನುವುದು ನಮಗೆ ಹೊಳೆಯಲೂ ಇಲ್ಲ, ಹೂತುಬಿಟ್ಟೆವು. ಆದರೆ ಜೊಲ್ಲು, ಕಣ್ಣೀರು, ನಡುಕ, ಕುಗ್ಗಿದ ಪಾಪೆ ಒಟ್ಟಿಗೆ ಬಂದು, ಅಟ್ರೋಪಿನ್‌ಗೆ ಇಳಿದರೆ ಅದು ರಂಜಕದ ಜಾತಿಯ ಕೀಟನಾಶಕ, ಆರ್ಗನೋಫಾಸ್ಫೇಟ್ ಅನ್ನುತ್ತಾರಲ್ಲ, ಅದರ ಕಡೆಗೇ ಬೊಟ್ಟು ಮಾಡುತ್ತದೆ ಅಂದರು ಡಾಕ್ಟರು. ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್, ಮೊನೊಕ್ರೊಟೊಫಾಸ್ ಎಲ್ಲ ಇದೇ ಕುಲ. ನರದಿಂದ ಸ್ನಾಯುವಿಗೆ ಹೋದ ಸಂದೇಶವನ್ನು ಅಳಿಸುವ ಕಿಣ್ವ ಒಂದು ಮೈಯಲ್ಲಿದೆ. ಈ ವಿಷ ಅದನ್ನೇ ಕಟ್ಟಿಹಾಕುತ್ತದೆ. ಸಂದೇಶ ಅಳಿಯದೆ ಬಡಿಯುತ್ತಲೇ ಇರುತ್ತದೆ. ಕೊನೆಗೆ ಉಸಿರಾಟದ ಸ್ನಾಯು ಸೋಲುತ್ತದೆ. ಹುಳಕ್ಕೆ ಏನು ಆಗುತ್ತದೋ ಕೋಳಿಗೂ ಅದೇ, ನಮಗೂ ಅದೇ.

ಈಗ ಹೇಳಿ, ನಾನು ಮಾಡಿದ್ದು ಯಾರೂ ಮಾಡದ ಕೆಲಸವೇ? ಯಾವ ಊರಿಗೆ ಬೇಕಾದರೂ ಹೋಗಿ ಹಿತ್ತಲು ನೋಡಿ. ಕರುವಿಗೆ ಪೇಂಟ್ ಬಕೆಟ್ಟು. ಕೋಳಿಗೆ ಕೊಯ್ದ ಕ್ಯಾನು. ಹಸುವಿಗೆ ನೀಲಿ ಡ್ರಮ್ಮಿನ ಅರ್ಧ ಹೋಳು. ಒಂದು ಮನೆಯಲ್ಲಿ ಹಳೆ ಲಾರಿ ಬ್ಯಾಟರಿಯ ಕರಿ ಪೆಟ್ಟಿಗೆಯನ್ನೇ ತೊಳೆದು ಮರಿಗಳಿಗೆ ನೀರು ಇಟ್ಟಿದ್ದನ್ನು ನೋಡಿದ್ದೇನೆ. ಅದರ ಒಳಗೆ ಇದ್ದದ್ದು ಸೀಸ. ದನಕ್ಕೆ ಸೀಸ ಏರಿದರೆ ಕಣ್ಣು ಕಾಣದ ಹಾಗೆ ಆಗುತ್ತದೆ, ಗೋಡೆಗೆ ತಲೆ ಒತ್ತಿಕೊಂಡು ನಿಂತುಬಿಡುತ್ತದೆ. ನೋಡಿದವರು ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸುತ್ತಾರೆ.

ಹಿಂದೆ ಹೀಗಿರಲಿಲ್ಲ ಅಂತ ಹಳೆಯದನ್ನು ಹೊಗಳುವ ಆಸೆ ನನಗಿಲ್ಲ. ಆದರೆ ಒಂದು ಮಾತು ನಿಜ. ನಮ್ಮತ್ತೆಯ ಕಾಲದಲ್ಲಿ ಕೊಟ್ಟಿಗೆಯ ಮುಂದೆ ಕಲ್ಲುಬಾನಿ ಇತ್ತು. ಅಕ್ಕಿ ತೊಳೆದ ನೀರು, ಗಂಜಿ, ತರಕಾರಿ ಸಿಪ್ಪೆ ಎಲ್ಲ ಸೇರಿ ಕಲಗಚ್ಚು ಅದಕ್ಕೇ ಬೀಳುತ್ತಿತ್ತು. ಕೋಳಿಗೆ ಒಡೆದ ಮಡಕೆಯ ಓಡು. ಆ ಪಾತ್ರೆಗಳಿಗೆ ಹಿಂದಿನ ಜನ್ಮ ಇರಲಿಲ್ಲ. ಕಲ್ಲು ಕಲ್ಲೇ ಆಗಿತ್ತು, ಮಣ್ಣು ಮಣ್ಣೇ ಆಗಿತ್ತು. ನಮ್ಮ ಕಲ್ಲುಬಾನಿಯನ್ನು ಒಬ್ಬರು ಒಳ್ಳೆ ರೇಟು ಕೊಟ್ಟು ಒಯ್ದರು. ಈಗ ಅದು ಯಾವುದೋ ರೆಸಾರ್ಟಿನ ಬಾಗಿಲಲ್ಲಿ ತಾವರೆ ಹೂ ತೇಲಿಸಿಕೊಂಡು ಕೂತಿರಬೇಕು. ಅದರ ಜಾಗಕ್ಕೆ ನಮ್ಮಲ್ಲಿ ಬಂದದ್ದು ನೀಲಿ ಡ್ರಮ್ಮು.

ಆ ಡ್ರಮ್ಮಿನ ಕಥೆಯೂ ಇದೆ. 200 ಲೀಟರಿನದು. ಸಂತೆಯಲ್ಲಿ ಗುಜರಿಯವನ ಹತ್ತಿರ ತಂದದ್ದು. "ಇದರಲ್ಲಿ ಏನಿತ್ತಪ್ಪ?" ಅಂತ ಕೇಳಿದ್ದಕ್ಕೆ "ಅಡುಗೆ ಎಣ್ಣೆ ಅಕ್ಕಾ" ಅಂದ. ಪಕ್ಕದಲ್ಲಿದ್ದ ಇನ್ನೊಬ್ಬ ಗಿರಾಕಿ ಅದೇ ಸಾಲಿನ ಇನ್ನೊಂದು ಡ್ರಮ್ ತೋರಿಸಿ ಕೇಳಿದ, ಅವನಿಗೆ "ಸೋಪಿನ ನೀರು" ಅಂದ. ಚೀಟಿ ಇದ್ದ ಜಾಗ ಎರಡರಲ್ಲೂ ಉಜ್ಜಿ ಉಜ್ಜಿ ಒರಟಾಗಿತ್ತು. ಅವನ ಮೇಲೂ ನನಗೆ ಸಿಟ್ಟಿಲ್ಲ. ಅವನಿಗೆ ಕೊಟ್ಟವನು ಹೇಳಿರಲಿಲ್ಲ, ಅವನು ಕೇಳಿರಲಿಲ್ಲ.

ತಳದಲ್ಲಿ ತ್ರಿಕೋನದ ಒಳಗೆ 2 ಅಂತ ಅಚ್ಚು ಇತ್ತು. ಎರಡನೇ ನಂಬರು ಅಂದರೆ ಸೇಫು ಅಂತ ನಮ್ಮ ಹುಡುಗ ಅಂದ. ಇದು ತುಂಬ ಜನ ನಂಬಿರುವ ಮಾತು. ಆ ಅಂಕಿ ಹೇಳುವುದು ಪ್ಲಾಸ್ಟಿಕ್ ಯಾವ ಜಾತಿಯದು ಅನ್ನುವುದನ್ನು ಮಾತ್ರ. 2 ಅಂದರೆ ಎಚ್‌ಡಿಪಿಇ. ಹಾಲಿನ ಕ್ಯಾನೂ ಎಚ್‌ಡಿಪಿಇ, ಆಸಿಡ್ಡಿನ ಡ್ರಮ್ಮೂ ಎಚ್‌ಡಿಪಿಇ. ಒಳಗೆ ಏನಿತ್ತು ಅನ್ನುವುದನ್ನು ಅಂಕಿ ಹೇಳುವುದಿಲ್ಲ. ಆಹಾರಕ್ಕೆ ಯೋಗ್ಯ ಅನ್ನುವ ಗುರುತು ಇದ್ದರೂ ಅಷ್ಟೇ, ಅದು ಪಾತ್ರೆ ಹುಟ್ಟಿದಾಗಿನ ಮಾತು. ಆಮೇಲೆ ಅದಕ್ಕೆ ಯಾರು ಏನು ಸುರಿದರೋ!

ತೊಳೆದರೆ ಸಾಲದೇ ಅಂತ ಕೇಳುವವರಿಗೂ ಒಂದು ಮಾತು. ತುಂಬ ಕೀಟನಾಶಕಗಳು ಎಣ್ಣೆಯಂಥ ದ್ರಾವಕದಲ್ಲಿ ಕರಗಿಸಿದವು. ನೀರಿಗೆ ಹಾಕಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತವಲ್ಲ, ಅವು. ಆ ಎಣ್ಣೆ ಪ್ಲಾಸ್ಟಿಕ್ಕಿನ ಮೇಲೆ ಸುಮ್ನೆ ಕೂರುವುದಿಲ್ಲ, ಒಳಕ್ಕೆ ಹೀರಿಕೊಂಡಿರುತ್ತದೆ. ಉಪ್ಪಿನಕಾಯಿ ಡಬ್ಬಿ ಎಷ್ಟು ತೊಳೆದರೂ ಬಿಸಿಲಿಗೆ ಇಟ್ಟರೆ ಮತ್ತೆ ವಾಸನೆ ಬರುವುದಿಲ್ಲವೇ, ಹಾಗೆ. ಅಂಗಳದಲ್ಲಿ ಬಿಸಿ ಏರಿದ ಹಾಗೆ ಅದು ಸ್ವಲ್ಪ ಸ್ವಲ್ಪವಾಗಿ ನೀರಿಗೆ ಬಿಡುತ್ತದೆ. ಮೂರು ಸಲ ತೊಳೆಯಿರಿ, ತೊಳೆದ ನೀರನ್ನು ಸ್ಪ್ರೇ ಟ್ಯಾಂಕಿಗೇ ಸುರಿಯಿರಿ ಅಂತ ಕೃಷಿ ಇಲಾಖೆಯವರು ಹೇಳಿಕೊಡುವುದು ಸರಿಯಾದ ಕ್ರಮವೇ. ಆದರೆ ಅದು ಕ್ಯಾನನ್ನು ಎಸೆಯಲು ತಯಾರು ಮಾಡುವ ಕ್ರಮ. ಕುಡಿಯುವ ನೀರಿಗೆ ಬಳಸಲು ಅಲ್ಲ. ಈ ಎರಡನೇ ಅರ್ಧ ನಮ್ಮ ಕಿವಿಗೆ ಬಿದ್ದಿಲ್ಲ.

ನಮ್ಮ ಹಸು ನನಗಿಂತ ಜಾಣೆ. ಆ ಡ್ರಮ್ಮಿನ ಹೋಳಿನಲ್ಲಿ ನೀರು ಇಟ್ಟ ಮೊದಲ ದಿನವೇ ಮೂಸಿ, ಮೂಗು ಸೀಟಿ, ಮುಖ ತಿರುಗಿಸಿತು. ಹೊಸ ಪಾತ್ರೆ, ಬಿಗುಮಾನ ಮಾಡುತ್ತಿದೆ ಅಂತ ನಾನು ಬೈದೆ. ಹಾಲು ಕರೆಯುವ ಹಸು ಬೇಸಿಗೆಯಲ್ಲಿ ದಿನಕ್ಕೆ 60-80 ಲೀಟರ್ ನೀರು ಕುಡಿಯುತ್ತದೆ. ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ. ಅದು ಕುಡಿಯದಿದ್ದರೆ ಡೇರಿಯ ಪುಸ್ತಕದಲ್ಲಿ ಅಂಕಿ ಇಳಿಯುತ್ತದೆ. ನಾಲ್ಕನೇ ದಿನಕ್ಕೆ ಇಳಿಯಿತು. ಆಗ ಡ್ರಮ್ ಬದಿಗೆ ಸರಿಸಿ, ಹಳೆ ಸ್ಟೀಲ್ ಹಂಡೆಯಲ್ಲಿ ಇಟ್ಟೆ. ಒಂದೇ ಉಸಿರಿಗೆ ಖಾಲಿ ಮಾಡಿತು. ಕೋಳಿಗಳಿಗೆ ಅಷ್ಟು ಮೂಗಿಲ್ಲ. ಬಾಯಾರಿದ ಮೇಕೆಗೆ ಆರಿಸುವ ತಾಳ್ಮೆ ಇಲ್ಲ.

ಈಗ ನಿಮ್ಮ ಕಾನೂನಿಗೆ ಬರುತ್ತೇನೆ. 1971ರ ಕೀಟನಾಶಕ ನಿಯಮಗಳಲ್ಲಿ 44ನೇ ನಿಯಮ ಅಂತ ಒಂದಿದೆ. ಖಾಲಿಯಾದ ಡಬ್ಬಿಗಳನ್ನು ಹೊರಗೆ ಬಿಡಬಾರದು, ಮತ್ತೆ ಯಾರೂ ಬಳಸದ ಹಾಗೆ ಒಡೆದು, ಜನವಸತಿಯಿಂದ ದೂರ ಹೂಳಬೇಕು ಅನ್ನುತ್ತದೆ ಅದು. ಐವತ್ತು ವರ್ಷ ದಾಟಿತು. ಒಂದೂವರೆ ಎಕರೆ ಇರುವವನು, ಹೊಲದ ಮಧ್ಯೆ ಬೋರ್‌ವೆಲ್ ಇರುವವನು, ಊರಿಂದ ದೂರ ಅಂತ ಎಲ್ಲಿ ಹೂಳಬೇಕು? ಹೂತರೆ ಬೋರಿನ ನೀರಿಗೆ ಹೆದರಿಕೆ, ಸುಟ್ಟರೆ ಹೊಗೆ, ಬದುವಿನಲ್ಲಿ ಬಿಟ್ಟರೆ ನನ್ನಂಥವಳು ಎತ್ತಿಕೊಂಡು ಹೋಗುತ್ತಾಳೆ.

ಡ್ರಮ್ಮಿಗೂ ಕಾನೂನಿದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅಪಾಯಕಾರಿ ರಾಸಾಯನಿಕ ಅಂಟಿದ ಖಾಲಿ ಡ್ರಮ್ಮು, ಕ್ಯಾನುಗಳೇ ಅಪಾಯಕಾರಿ ತ್ಯಾಜ್ಯ. ಕಾರ್ಖಾನೆಯವರು ಅದನ್ನು ಅನುಮತಿ ಪಡೆದವರಿಗೇ ಕೊಡಬೇಕು, ಅವರು ಶುದ್ಧ ಮಾಡಬೇಕು. ಮಂಡಳಿಯವರೇ, ಈ ನಿಯಮ ನಿಮ್ಮ ಕೈಯಲ್ಲೇ ಇದೆ. ಹಾಗಾದರೆ ಚೀಟಿ ಉಜ್ಜಿದ ಡ್ರಮ್ಮುಗಳು ವಾರ ವಾರ ಸಂತೆಗೆ ಹೇಗೆ ಬರುತ್ತವೆ? ಕಾರ್ಖಾನೆಯ ಗೇಟಿನಿಂದ ನಮ್ಮ ಕೊಟ್ಟಿಗೆಯವರೆಗೆ ನಡುವೆ ಎಷ್ಟು ಕೈ ಇದೆಯೋ, ಅಷ್ಟೂ ಕೈಯಲ್ಲಿ ಒಂದು ಚೀಟಿಯೂ ಇಲ್ಲ.

ಇದರ ಎದುರಿಗೆ ಇನ್ನೊಂದನ್ನು ಇಟ್ಟು ನೋಡಿ. 2024ರಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಮನೆಯಲ್ಲಿ ಸೊಳ್ಳೆ ಮರಿ ಸಿಕ್ಕರೆ ದಂಡ: ಪೇಟೆಯಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200. ಸರಿಯಾದದ್ದೇ, ನನ್ನ ತಕರಾರಿಲ್ಲ. ಡೆಂಗಿ ಸೊಳ್ಳೆ ನಮ್ಮ ದನದ ತೊಟ್ಟಿಯಂಥ ತಿಳಿ ನೀರಿನಲ್ಲೇ ಮೊಟ್ಟೆ ಇಡುವುದು, ಅದೂ ಪಾತ್ರೆಯ ಗೋಡೆಗೆ ಅಂಟಿಸಿ. ನೀರು ಚೆಲ್ಲಿದರೂ ಮೊಟ್ಟೆ ಒಣಗಿಕೊಂಡು ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ವಾರಕ್ಕೊಮ್ಮೆ ಖಾಲಿ ಮಾಡಿ, ತೆಂಗಿನ ನಾರಿನಿಂದ ಒಳಗೋಡೆ ಉಜ್ಜಲೇಬೇಕು. ಈಗ ಉಜ್ಜುತ್ತೇವೆ. ಆದರೆ ಟಾರ್ಚು ಹಿಡಿದು ತೊಟ್ಟಿಯಲ್ಲಿ ಹುಳ ಹುಡುಕುವವರು ಅದೇ ತೊಟ್ಟಿ ಮೊದಲು ಏನಾಗಿತ್ತು ಅಂತ ಕೇಳುವುದಿಲ್ಲ. ಕೇಳಿ ಅಂತ ಅವರಿಗೆ ಯಾರೂ ಹೇಳಿಯೂ ಇಲ್ಲ. ಬಾಗಿಲಿಗೆ ಬಂದಾಗಲೇ ಇನ್ನೊಂದು ಪ್ರಶ್ನೆ ಕೇಳಿಸುವುದಕ್ಕೆ ಖರ್ಚೇನೂ ಇಲ್ಲವಲ್ಲ?

ಬರೀ ಕೋಳಿ ಮೇಕೆಯ ವಿಷಯ ಅಂದುಕೊಳ್ಳುವವರು 2013ರ ಜುಲೈ 16 ನೆನಪಿಸಿಕೊಳ್ಳಿ. ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಸಿಕ್ಕಿತು. ಕೀಟನಾಶಕ ಇದ್ದ ಡಬ್ಬಿಯಲ್ಲಿ ಎಣ್ಣೆ ಇಟ್ಟಿದ್ದರು ಅನ್ನುವ ಮಾತು ಆಗ ದೇಶದ ತುಂಬ ಕೇಳಿಬಂತು. ಹಿತ್ತಲ ಕ್ಯಾನಿಗೂ ಅಡುಗೆಮನೆಯ ಡಬ್ಬಿಗೂ ನಡುವೆ ಇರುವುದು ಒಂದು ಹೊಸ್ತಿಲು ಮಾತ್ರ. ನಮ್ಮ ಮೊಮ್ಮಗಳು ಆ ಕೋಳಿ ತಟ್ಟೆಯಲ್ಲಿ ಕೈ ಆಡಿಸುತ್ತಿದ್ದಳು. ಅದನ್ನು ನೆನೆದರೆ ಈಗಲೂ ನಿದ್ದೆ ಬರುವುದಿಲ್ಲ.

ನನ್ನ ಹಾಗೆ ಹಿತ್ತಲಲ್ಲಿ ನಾಲ್ಕು ಪ್ರಾಣಿ ಕಟ್ಟಿಕೊಂಡವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಹಿಂದೆ ಏನಿತ್ತು ಅಂತ ಗೊತ್ತಿಲ್ಲದ ಪಾತ್ರೆ ಬೇಡ. ಮಣ್ಣಿನ ತಟ್ಟೆ, ಸ್ಟೀಲು, ಹೊಸ ಪ್ಲಾಸ್ಟಿಕ್ ಟಬ್ಬು, ಸಿಮೆಂಟಿನ ತೊಟ್ಟಿ ಯಾವುದಾದರೂ ಆಗುತ್ತದೆ. ಹೊಸ ಸಿಮೆಂಟ್ ತೊಟ್ಟಿಯಾದರೆ ನೀರು ತುಂಬಿಸಿ, ಚೆಲ್ಲಿ, ಮತ್ತೆ ತುಂಬಿಸಿ ಕೆಲವು ದಿನ ಬಿಟ್ಟು ಬಳಸಿ. ಒಳಗೆ ಆಗಾಗ ಸುಣ್ಣ ಬಳಿದರೆ ಪಾಚಿ ಕಟ್ಟುವುದು ಕಡಿಮೆ, ತಳದ ಕೊಳೆಯೂ ಕಣ್ಣಿಗೆ ಕಾಣುತ್ತದೆ. ತಾಮ್ರ ಒಳ್ಳೆಯದು ಅಂತ ಕುರಿಗೆ ತಾಮ್ರದ ಪಾತ್ರೆ ಇಡಬೇಡಿ. ಕುರಿಯ ಮೈಗೆ ತಾಮ್ರ ಒಗ್ಗುವುದಿಲ್ಲ, ಪಿತ್ತಜನಕಾಂಗದಲ್ಲಿ ಸೇರಿಕೊಳ್ಳುತ್ತಾ ಹೋಗಿ ಒಂದು ದಿನ ಒಮ್ಮೆಲೇ ಕೊಲ್ಲುತ್ತದೆ. ತಗಡಿನ ಬಕೆಟ್ಟಿನಲ್ಲಿ ಹುಳಿ ಮಜ್ಜಿಗೆ, ಹುಳಿ ಬಂದ ಗಂಜಿ ಬೇಡ, ಹುಳಿಗೆ ಅದರ ಸತು ಕರಗುತ್ತದೆ. ಕೋಳಿಮರಿಯ ತಟ್ಟೆಗೆ ನಾಲ್ಕು ಬೆಣಚುಕಲ್ಲು ಹಾಕಿ, ಬಿದ್ದು ಸಾಯುವುದು ತಪ್ಪುತ್ತದೆ.

ಇನ್ನೊಂದು ಮರೆತಿದ್ದೆ, ಯೂರಿಯಾ. ಯೂರಿಯಾ ಕಲಸಿದ ಬಕೆಟ್ಟನ್ನು ತೊಳೆಯದೆ ಕೊಟ್ಟಿಗೆಯ ಹತ್ತಿರ ಬಿಡಬೇಡಿ. ಚೀಲ ತೊಳೆದ ನೀರನ್ನೂ ಅಷ್ಟೇ. ದನ ಕುಡಿದರೆ ಹೊಟ್ಟೆ ಉಬ್ಬಿ, ನಡುಗಿ, ಒಂದೆರಡು ಗಂಟೆಯಲ್ಲೇ ಹೋಗಿಬಿಡಬಹುದು. ವಿನೆಗರ್ ಮತ್ತು ತಣ್ಣೀರು ಕುಡಿಸುವುದು ಇದಕ್ಕಿರುವ ಮೊದಲ ಉಪಾಯ. ಆದರೆ ಎಷ್ಟು, ಹೇಗೆ ಅಂತ ಡಾಕ್ಟರನ್ನು ಫೋನಿನಲ್ಲೇ ಕೇಳಿಕೊಂಡು ಮಾಡಿ. ಗಂಟಲಿಗೆ ಒತ್ತಾಯದಿಂದ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ.

ಮೂರೂ ಕಚೇರಿಯವರಲ್ಲಿ ನಾನು ಕೇಳುವುದು ದೊಡ್ಡದೇನಲ್ಲ. ಕೃಷಿ ಇಲಾಖೆಯವರೇ, ಔಷಧಿ ಮಾರುವ ಅಂಗಡಿಗೆ ಲೈಸೆನ್ಸ್ ಕೊಡುವವರು ನೀವು. ಖಾಲಿ ಕ್ಯಾನ್ ವಾಪಸು ತಂದರೆ ಐದೋ ಹತ್ತೋ ರೂಪಾಯಿ ಕೊಡುವ ಹಾಗೆ ಮಾಡಿ. ಸೋಡಾ ಬಾಟಲಿಯನ್ನು ಹಾಗೆ ವಾಪಸು ಕೊಟ್ಟು ಬೆಳೆದವರು ನಾವು, ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಮಂಡಳಿಯವರೇ, ಸಂತೆಗೆ ಒಂದು ಸಲ ಬನ್ನಿ. ಗುಜರಿಯವರನ್ನು ಹಿಡಿದು ದಂಡ ಹಾಕಲು ಅಲ್ಲ, ಆ ಡ್ರಮ್ಮು ಯಾವ ಗೇಟಿನಿಂದ ಬಂತು ಅಂತ ಹಿಂದಕ್ಕೆ ಹುಡುಕಿಕೊಂಡು ಹೋಗಲು. ಶುದ್ಧ ಮಾಡಿ ಮಾರುವ ಡ್ರಮ್ಮಿನ ಮೇಲೆ ಮೊದಲು ಏನಿತ್ತು ಅಂತ ಅಳಿಸದ ಬಣ್ಣದಲ್ಲಿ, ಕನ್ನಡದಲ್ಲಿ ಬರೆಯಿಸಿ.

ಪಶುಸಂಗೋಪನೆಯವರೇ, ನಿಮ್ಮಲ್ಲಿ ಕೇಳುವುದು ಸ್ವಲ್ಪ ಜಾಸ್ತಿ. ನೀವು ನಮ್ಮ ಮನೆಯವರೆಗೆ ಬರುವವರು. ಹೆಣ್ಣುಮಕ್ಕಳಿಗೆ ಗಿರಿರಾಜ, ಸ್ವರ್ಣಧಾರ ತಳಿಯ ಕೋಳಿಮರಿ ಹಂಚುವಾಗ ಜೊತೆಗೆ ಒಂದು ಮಣ್ಣಿನ ತಟ್ಟೆಯೋ ಕೋಳಿಯ ನೀರಿನ ಡಬ್ಬಿಯೋ ಕೊಡಿ, ಊರಿನ ಕುಂಬಾರರಿಗೂ ಕೆಲಸ ಸಿಗುತ್ತದೆ. ಊರಲ್ಲಿ ದನಕರು, ಕೋಳಿಯ ಆರೈಕೆಗೆ ನೆರವಾಗುವ ಪಶುಸಖಿಯರ ತರಬೇತಿಯಲ್ಲಿ ಲಸಿಕೆ, ಜಂತುಹುಳದ ಜೊತೆ ನೀರಿನ ಪಾತ್ರೆಯನ್ನೂ ಸೇರಿಸಿ. ಸತ್ತ ಕೋಳಿಯನ್ನು ಎಲ್ಲಿಗೆ, ಹೇಗೆ ಪರೀಕ್ಷೆಗೆ ಕಳಿಸಬೇಕು ಅಂತ ಆಸ್ಪತ್ರೆಯ ಗೋಡೆಯ ಮೇಲೆ ಬರೆಸಿ. ಯಾಕೆಂದರೆ ನಮ್ಮ ಏಳು ಕೋಳಿ ಯಾವ ಪುಸ್ತಕದಲ್ಲೂ ಇಲ್ಲ. ಬಿಸಿಲಿಗೆ ಸತ್ತವು ಅಂತ ಬೀದಿಯಲ್ಲಿ ಮಾತಾಯಿತು. ನಮ್ಮಂತೆ ಎಷ್ಟು ಮನೆಯ ಕೋಳಿ "ಬಿಸಿಲಿಗೆ" ಸತ್ತಿವೆಯೋ.

ಡ್ರಮ್ಮಿನ ಎರಡು ಹೋಳು ಮತ್ತು ಆ ಕ್ಯಾನು ಈಗಲೂ ನಮ್ಮ ಹಿತ್ತಲ ಮೂಲೆಯಲ್ಲಿವೆ. ಕ್ಯಾನಿಗೆ ಮೊಳೆಯಿಂದ ತೂತು ಹೊಡೆದು ಚೀಲದಲ್ಲಿ ಕಟ್ಟಿಟ್ಟಿದ್ದೇನೆ. ಕಸದ ಗಾಡಿಯ ಹುಡುಗಿ "ಇದನ್ನು ತಗೊಳ್ಳೋ ಹಾಗಿಲ್ಲ ಆಂಟಿ" ಅಂದಳು. ಮೊನ್ನೆ ಗುಜರಿಯವನು ಬಂದಿದ್ದ. ಡ್ರಮ್ಮಿನ ಒಂದೊಂದು ಹೋಳಿಗೂ ನೂರು ರೂಪಾಯಿ ಕೊಡ್ತೀನಿ ಅಂದ. ಯಾರಿಗೆ ಮಾರ್ತೀಯ ಅಂತ ಕೇಳಿದೆ. "ಯಾರಾದ್ರೂ ದನ ಇರೋರು ತಗೊಳ್ತಾರೆ" ಅಂದ. ಕೊಡಲಿಲ್ಲ. ನಕ್ಕುಕೊಂಡು ಹೋದ.

ಮುಂದಿನ ವಾರ ಮತ್ತೆ ಬರುತ್ತಾನೆ. ನಾನು ಮನೆಯಲ್ಲಿ ಇಲ್ಲದಾಗ ಯಾರಾದರೂ ಕೊಟ್ಟುಬಿಡಬಹುದು. ಅಷ್ಟರೊಳಗೆ ಇವನ್ನು ಎಲ್ಲಿಗೆ ತಂದು ಒಪ್ಪಿಸಬೇಕು ಅಂತ ನಿಮ್ಮ ಮೂವರಲ್ಲಿ ಯಾರಾದರೂ ತಿಳಿಸಿದರೆ, ಬಸ್ಸಿಗೆ ಹಾಕಿಕೊಂಡು ನಾನೇ ತರುತ್ತೇನೆ.

ಇಂತಿ,
ಎರಡು ಹಸು, ನಾಲ್ಕು ಮೇಕೆ, ಉಳಿದ ಐದು ಕೋಳಿಯ ಮನೆಯವಳು